ದ್ರಾಕ್ಷಿ ತೋಟದ ನಾಡಿನಲ್ಲಿ ಹಬ್ಬದ ಊಟ: ಮೊದಲು ಅಡುಗೆಮನೆಯನ್ನು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಕ್ಯಾಲಿಫೋರ್ನಿಯಾದ ವೈನ್ ಸೀಮೆಗೆ ಹೋಗುವುದು, ಅಲ್ಲೇ ಹೊರಗೆ ಹಬ್ಬದ ಊಟ ಮಾಡುವುದು. ಹಾಗಾಗಿ ಮೂರಕ್ಕೂ ಒಟ್ಟಿಗೆ ಉತ್ತರ ಕೊಡುತ್ತಿದ್ದೇನೆ. ಮೊದಲನೆಯದಕ್ಕೆ ಉದ್ದವಾಗಿಯೇ ಬರೆದಿದ್ದೇನೆ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ನಾವು ಫ್ರೀಮಾಂಟ್‌ನಲ್ಲಿದ್ದೇವೆ. ಅತ್ತೆ ಮಾವ ಹಾಸನದಿಂದ ಬಂದಿದ್ದಾರೆ, ಮೊದಲನೇ ಸಲ. ಥ್ಯಾಂಕ್ಸ್‌ಗಿವಿಂಗ್‌ಗೆ ಎರಡು ರಾತ್ರಿ ನಾಪಾದಲ್ಲಿ ಉಳಿಯೋಣ ಅಂತ ನನ್ನ ಗಂಡ ರೂಮ್ ಬುಕ್ ಮಾಡಿಬಿಟ್ಟಿದ್ದಾರೆ. ಅತ್ತೆ ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಾವ ಸಸ್ಯಾಹಾರಿ, ಆದರೆ ಕೇಕ್ ತಿನ್ನುತ್ತಾರೆ. ನಾವು ಮತ್ತು ಮಕ್ಕಳಿಬ್ಬರು ಎಲ್ಲ ತಿನ್ನುತ್ತೇವೆ. ಹಬ್ಬದ ದಿನ ಹೊರಗೆ ಊಟಕ್ಕೆ ಕರೆದುಕೊಂಡು ಹೋದರೆ ಅವರಿಗೆ ಬರೀ ಎಲೆ ಸೊಪ್ಪು ತಿನ್ನಿಸಿದ ಹಾಗೆ ಆಗುತ್ತದೇನೋ ಅಂತ ಭಯ. ರೂಮಿನಲ್ಲೇ ಏನಾದರೂ ಮಾಡಿಕೊಳ್ಳುವುದು ವಾಸಿಯಾ?

ಉತ್ತರ: ಬೇಡ, ಹೊರಗೇ ಹೋಗಿ. ಅಷ್ಟು ದೂರದಿಂದ ಬಂದವರಿಗೆ ಈ ದೇಶದ ಹಬ್ಬ ಹೇಗಿರುತ್ತದೆ ಅಂತ ಮೇಜಿನ ಮುಂದೆ ಕೂತು ನೋಡುವ ಅವಕಾಶ ಮತ್ತೆ ಯಾವಾಗ ಸಿಗುತ್ತದೋ. ಆದರೆ ಹೊರಡುವ ಮುಂಚೆ ಒಂದು ಫೋನ್ ಮಾಡಿ. ರೂಮು, ದಾರಿ, ತೋಟ ಇವೆಲ್ಲ ಆಮೇಲೆ.

ನನ್ನ ಅನುಭವ ಹೇಳುತ್ತೇನೆ. ನಮ್ಮಪ್ಪ ಬಂದಿದ್ದ ವರ್ಷ ನಾವೂ ಹೀಗೇ ಹೋಗಿದ್ದೆವು. ಹೋಟೆಲಿನ ಹೆಸರು ಬೇಡ. ಬುಕ್ ಮಾಡುವಾಗ ವೆಜಿಟೇರಿಯನ್ ಅಂತ ಬರೆದಿದ್ದೆ, ಅವರೂ ಆಗಲಿ ಅಂದಿದ್ದರು. ಮೊದಲು ಬಟರ್‌ನಟ್ ಸ್ಕ್ವಾಷ್ ಸೂಪು ಬಂತು. ನಮ್ಮ ಸಿಹಿಗುಂಬಳದ ಜಾತಿಯದ್ದೇ ತರಕಾರಿ, ಬಣ್ಣವೂ ಹಾಗೇ, ಸ್ವಲ್ಪ ಸಿಹಿ. ಅಪ್ಪನಿಗೆ ತುಂಬ ಹಿಡಿಸಿತು. ನಿಮ್ಮ ಅಮ್ಮ ಮಾಡುತ್ತಿದ್ದ ಕುಂಬಳಕಾಯಿ ಹುಳಿಯ ನೆನಪಾಗುತ್ತೆ ಅಂದರು. ನಾನು ಖುಷಿಯಲ್ಲಿ ಬಡಿಸುವ ಹುಡುಗನನ್ನು ಹೇಗೆ ಮಾಡುತ್ತೀರಿ ಅಂತ ಕೇಳಿದೆ. ಅವನು ಅಷ್ಟೇ ಖುಷಿಯಲ್ಲಿ, ಚಿಕನ್ ಸ್ಟಾಕ್‌ನಲ್ಲಿ ನಿಧಾನಕ್ಕೆ ಬೇಯಿಸುತ್ತೇವೆ ಅಂದ. ಅಪ್ಪ ಚಮಚ ಕೆಳಗಿಟ್ಟರು. ಒಂದು ಮಾತೂ ಆಡಲಿಲ್ಲ. ಮಕ್ಕಳ ಖುಷಿ ಹಾಳಾಗಬಾರದು ಅಂತ ಕೊನೆಯವರೆಗೂ ನಗುತ್ತಲೇ ಕೂತಿದ್ದರು, ಮಾರನೆಯ ದಿನ ಉಪವಾಸ ಮಾಡಿದರು. ಬೈದಿದ್ದರೂ ನನಗೆ ಸಮಾಧಾನ ಇರುತ್ತಿತ್ತು. ಈಗಲೂ ಆ ಸೂಪಿನ ಹೆಸರು ಮೆನುವಿನಲ್ಲಿ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಹುಡುಗ ಮೋಸ ಮಾಡಲಿಲ್ಲ. ಇಲ್ಲಿ ಎಷ್ಟೋ ಜನರ ಲೆಕ್ಕದಲ್ಲಿ ಮಾಂಸದ ತುಂಡು ಕಾಣದಿದ್ದರೆ ಅದು ವೆಜಿಟೇರಿಯನ್. ಮೂಳೆ ಬೇಯಿಸಿದ ನೀರು ಅವರಿಗೆ ಉಪ್ಪಿನ ಹಾಗೆ, ಬರೀ ರುಚಿಗೆ ಹಾಕುವ ವಸ್ತು. ಅದಕ್ಕೇ ವೆಜಿಟೇರಿಯನ್ ಅನ್ನುವ ಒಂದು ಪದವನ್ನು ನಂಬಬೇಡಿ. ಬುಕಿಂಗ್ ಮಾಡುವಾಗ ಕೆಳಗಿನ ಖಾಲಿ ಜಾಗದಲ್ಲಿ ಬಿಡಿಸಿ ಬರೆಯಿರಿ: ನೋ ಮೀಟ್, ನೋ ಫಿಶ್, ನೋ ಎಗ್ಸ್, ನೋ ಚಿಕನ್ ಸ್ಟಾಕ್, ಡೈರಿ ಈಸ್ ಫೈನ್. ಕೊನೆಯದನ್ನು ಮರೆಯಬೇಡಿ. ಅದು ಇಲ್ಲದಿದ್ದರೆ ಅವರು ವೀಗನ್ ಅಂದುಕೊಂಡು ಬೆಣ್ಣೆ, ಚೀಸ್ ಎಲ್ಲ ತೆಗೆದು ಒಣಕಲು ತಟ್ಟೆ ತಂದಿಡುತ್ತಾರೆ. ಬರೆದ ಮೇಲೆ, ಹಬ್ಬಕ್ಕೆ ಒಂದು ವಾರ ಇರುವಾಗ ಫೋನ್ ಮಾಡಿ ಕೇಳಿ. ಮಧ್ಯಾಹ್ನ ಮೂರು ಗಂಟೆಯ ಆಸುಪಾಸು ಮಾಡಿದರೆ ಒಳ್ಳೆಯದು, ಆಗ ಊಟದ ಗದ್ದಲ ಇಲ್ಲದೆ ಅಡುಗೆಯವರನ್ನೇ ಕೇಳಿ ಹೇಳುತ್ತಾರೆ. ಅವತ್ತಿನ ದಿನ ಕೇಳಿದರೆ ಪ್ರಯೋಜನ ಇಲ್ಲ. ಸೂಪು, ಗ್ರೇವಿ ಎಲ್ಲ ಹಿಂದಿನ ದಿನವೇ ದೊಡ್ಡ ಪಾತ್ರೆಯಲ್ಲಿ ಆಗಿರುತ್ತದೆ.

ಥ್ಯಾಂಕ್ಸ್‌ಗಿವಿಂಗ್ ತಟ್ಟೆಯಲ್ಲಿ ಯಾವುದು ಹೇಗೆ ಅಂತ ಗೊತ್ತಿದ್ದರೆ ಕೇಳುವುದೂ ಸುಲಭ. ಮಧ್ಯದಲ್ಲಿ ಟರ್ಕಿ ಕೋಳಿ, ಅದು ಬಿಡಿ. ಸ್ಟಫಿಂಗ್ ಅಂದರೆ ಬ್ರೆಡ್ ತುಂಡುಗಳ ಉಪ್ಪಿಟ್ಟಿನ ತರಹದ್ದು, ನೋಡಲು ಸಾದಾ, ಆದರೆ ನೆನೆಸುವುದು ಕೋಳಿ ಸ್ಟಾಕ್‌ನಲ್ಲಿ. ಗ್ರೇವಿ ಟರ್ಕಿಯಿಂದ ಇಳಿದ ರಸದ್ದೇ. ಬ್ರಸೆಲ್ಸ್ ಸ್ಪ್ರೌಟ್ಸ್, ಅಂದರೆ ಗೋಲಿಯಷ್ಟು ದಪ್ಪದ ಕೋಸು, ಬಹಳ ಕಡೆ ಬೇಕನ್ ಅನ್ನುವ ಹಂದಿ ಮಾಂಸ ಹಾಕಿಯೇ ಹುರಿಯುತ್ತಾರೆ. ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆಯ ಸಿಹಿ ಇದ್ದರೆ ಅದರಲ್ಲಿ ಜೆಲಟಿನ್ ಇರುತ್ತದೆ, ಪ್ರಾಣಿಯದ್ದು. ಸೀಸರ್ ಸಲಾಡ್‌ನಲ್ಲಿ ಮೀನು ಅಂತ ಯಾರಿಗೂ ಹೊಳೆಯುವುದಿಲ್ಲ, ಅದರ ಡ್ರೆಸ್ಸಿಂಗ್‌ನಲ್ಲಿ ಆಂಚೊವಿ ಇರುತ್ತದೆ. ಪಂಪ್ಕಿನ್ ಪೈ, ಅಂದರೆ ಕುಂಬಳಕಾಯಿ ತುಂಬಿದ ಸಿಹಿ ತಿಂಡಿ, ಅದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಹಾಗಾಗಿ ಅದು ಮಾವನವರಿಗೆ ಸರಿ, ಅತ್ತೆಗೆ ಅಲ್ಲ. ಪೈನ ಹೊರಗಿನ ಹಿಟ್ಟಿಗೆ ಬೆಣ್ಣೆಯೋ ಹಂದಿ ಕೊಬ್ಬೋ ಅಂತ ಮಾವನವರ ಸಲುವಾಗಿ ಕೇಳಿಕೊಳ್ಳಿ. ಇನ್ನು ಮ್ಯಾಶ್ಡ್ ಪೊಟೇಟೊ, ಕ್ರ್ಯಾನ್‌ಬೆರಿ ಸಾಸ್ ಸಾಮಾನ್ಯವಾಗಿ ತೊಂದರೆ ಇಲ್ಲ. ಕ್ರ್ಯಾನ್‌ಬೆರಿ ನಿಮ್ಮ ಅತ್ತೆಗೆ ಖಂಡಿತ ಇಷ್ಟವಾಗುತ್ತದೆ ನೋಡಿ, ಹುಳಿ ಸಿಹಿ ಒಗರು ಎಲ್ಲ ಸೇರಿ ನಮ್ಮ ಕವಳಿ ಹಣ್ಣಿನ ಗೊಜ್ಜಿನ ಹತ್ತಿರ ಬರುತ್ತದೆ.

ಇದು ವೈನ್ ಸೀಮೆ ಅನ್ನುವುದಕ್ಕೆ ಇನ್ನೊಂದು ಮಾತು. ಇಲ್ಲಿನ ಅಡುಗೆಯಲ್ಲಿ ವೈನ್ ನೀರಿನ ಹಾಗೆ ಬಳಕೆ. ಅಣಬೆಯ ಸಾಸ್‌ಗೆ ಹಾಕುತ್ತಾರೆ, ರಿಸೊಟ್ಟೊ ಅನ್ನುವ ಅನ್ನಕ್ಕೆ ಅಕ್ಕಿ ಹುರಿದ ಕೂಡಲೇ ಒಂದು ಲೋಟ ಬಿಳಿ ವೈನ್ ಸುರಿಯುತ್ತಾರೆ, ಪೇರ್ ಹಣ್ಣನ್ನು ಕೆಂಪು ವೈನಿನಲ್ಲೇ ಬೇಯಿಸಿ ಸಿಹಿ ಅಂತ ಕೊಡುತ್ತಾರೆ. ಹಿರಿಯರಿಗೆ ಅದು ಬೇಡ ಅನ್ನಿಸಿದರೆ ಅದನ್ನೂ ಆ ಪಟ್ಟಿಗೆ ಸೇರಿಸಿ ಬರೆಯಿರಿ. ಬೇಯುವಾಗ ಆವಿಯಾಗಿ ಹೋಗುತ್ತೆ ಬಿಡಿ ಅಂತ ನೀವು ಅವರ ಪರವಾಗಿ ತೀರ್ಮಾನ ಮಾಡಬೇಡಿ.

ಈಗ ಎಲ್ಲಿ, ಯಾವಾಗ ಅನ್ನುವುದು. ಹಬ್ಬ ನವೆಂಬರಿನ ನಾಲ್ಕನೇ ಗುರುವಾರ, 2026ರಲ್ಲಿ 26ನೇ ತಾರೀಕು. ಅವತ್ತು ನಾಪಾ ಕಣಿವೆಯಲ್ಲಿ ವೈನ್ ಮಾಡುವ ಹೆಚ್ಚಿನ ವೈನರಿಗಳು ಬಾಗಿಲು ಹಾಕಿರುತ್ತವೆ, ಚಿಕ್ಕ ರೆಸ್ಟೋರೆಂಟುಗಳೂ ಅಷ್ಟೇ. ಅಡುಗೆಯವರಿಗೂ ಮನೆ ಇರುತ್ತದಲ್ವಾ. ಊಟ ಸಿಗುವುದು ಹೆಚ್ಚಾಗಿ ದೊಡ್ಡ ಹೋಟೆಲು, ರೆಸಾರ್ಟುಗಳ ಒಳಗಿನ ರೆಸ್ಟೋರೆಂಟುಗಳಲ್ಲಿ, ಯಾಕೆಂದರೆ ಅಲ್ಲಿ ತಂಗಿರುವವರಿಗೆ ಹೇಗೂ ಅಡುಗೆ ಮಾಡಬೇಕು. ನೀವು ರೂಮ್ ತೆಗೆದುಕೊಂಡ ಕಡೆಯೇ ಮೊದಲು ವಿಚಾರಿಸಿ. ಕಣಿವೆಯ ಯೌಂಟ್‌ವಿಲ್ ಊರಿನಲ್ಲಿ ಫ್ರೆಂಚ್ ಲಾಂಡ್ರಿ ಅಂತ ಬಹಳ ಹೆಸರಾದ ರೆಸ್ಟೋರೆಂಟ್ ಇದೆ. 1994ರಿಂದ ಥಾಮಸ್ ಕೆಲ್ಲರ್ ನಡೆಸುತ್ತಿರುವುದು, ಪೂರ್ತಿ ತರಕಾರಿಯದೇ ಒಂದು ಮೆನು ಕೂಡ ಉಂಟು. ಆದರೆ ಗಂಟೆಗಟ್ಟಲೆ ಕೂರುವ ಊಟ ಅದು. ಮಕ್ಕಳು, ವಯಸ್ಸಾದವರ ಜೊತೆ ನಾನಂತೂ ಹೇಳುವುದಿಲ್ಲ.

ಸಾಧಾರಣವಾಗಿ ಅವತ್ತು ಒಂದೇ ಬೆಲೆಯ ನಿಗದಿ ಊಟ ಇರುತ್ತದೆ. ನಾಪಾದಲ್ಲಿ ತಲೆಗೆ 100 ಡಾಲರ್ ಆಚೀಚೆ ಅಂದುಕೊಳ್ಳಿ, ರೆಸಾರ್ಟುಗಳಲ್ಲಿ ಇನ್ನೂ ಜಾಸ್ತಿ. 100 ಅಂತ ಬರೆದಿದ್ದರೆ ಟ್ಯಾಕ್ಸು, ಟಿಪ್ಸು ಸೇರಿ 130ರ ಹತ್ತಿರ ಬರುತ್ತದೆ. ಆರು ಜನ ಇದ್ದರೆ ಎಷ್ಟೋ ಕಡೆ ಟಿಪ್ಸನ್ನು ಬಿಲ್ಲಿಗೆ ಅವರೇ ಸೇರಿಸಿರುತ್ತಾರೆ. ಬಿಲ್ಲು ಸರಿಯಾಗಿ ನೋಡಿ, ಎರಡು ಸಲ ಕೊಡಬೇಡಿ. ಮಕ್ಕಳ ದರ ಬೇರೆ ಇದೆಯಾ ಕೇಳಿ. ಬುಕ್ ಮಾಡುವಾಗ ಕಾರ್ಡ್ ನಂಬರ್ ತೆಗೆದುಕೊಳ್ಳುತ್ತಾರೆ, ಕೊನೇ ಗಳಿಗೆಯಲ್ಲಿ ಬರುವುದಿಲ್ಲ ಅಂದರೆ ದುಡ್ಡು ಕಡಿತ. ಮತ್ತೆ ಇಷ್ಟು ದುಡ್ಡು ಕೊಟ್ಟು ಅತ್ತೆ ಬರೀ ಆಲೂಗಡ್ಡೆ ತಿನ್ನುವ ಹಾಗಿದ್ದರೆ ಅದು ನ್ಯಾಯ ಅಲ್ಲ. ಟರ್ಕಿಯ ಬದಲು ಅವರಿಗೆ ಏನು ಬಡಿಸುತ್ತೀರಿ ಅಂತ ಫೋನಿನಲ್ಲೇ ಕೇಳಿ. ಸ್ಪಷ್ಟ ಉತ್ತರ ಬಂದರೆ ಅದು ಒಳ್ಳೆಯ ಜಾಗ. ಏನೋ ಒಂದು ಮಾಡೋಣ ಬಿಡಿ ಅಂದರೆ ಬೇರೆ ಕಡೆ ನೋಡಿ.

ಹೊತ್ತು ಮಧ್ಯಾಹ್ನದ್ದೇ ಆಗಲಿ, ಒಂದು ಅಥವಾ ಎರಡು ಗಂಟೆ. ಇಲ್ಲಿಯವರೂ ಈ ಊಟವನ್ನು ಮಧ್ಯಾಹ್ನದಿಂದಲೇ ಶುರು ಮಾಡುತ್ತಾರೆ. ಅದೂ ಅಲ್ಲದೆ ನವೆಂಬರ್ ಕೊನೆಯಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಕೂತು ಉಂಡರೆ ಕಣಿವೆಗೆ ಬಂದ ಹಾಗೇ ಅನ್ನಿಸುವುದಿಲ್ಲ. ಬೆಳಿಗ್ಗೆ ಸಿಲ್ವರಾಡೊ ಟ್ರೇಲ್ ಹಿಡಿದು ನಿಧಾನಕ್ಕೆ ಕ್ಯಾಲಿಸ್ಟೋಗದ ಕಡೆ ಹೋಗಿ. ಹೈವೇ 29ಕ್ಕಿಂತ ಶಾಂತವಾದ ದಾರಿ. ಸುಗ್ಗಿ ಅಕ್ಟೋಬರ್ ಹೊತ್ತಿಗೆ ಮುಗಿದಿರುತ್ತದೆ, ಹಾಗಾಗಿ ಬಳ್ಳಿಯಲ್ಲಿ ಹಣ್ಣು ಇರುವುದಿಲ್ಲ. ಎಲೆಗಳು ಹಳದಿ ಕೆಂಪು ಆಗಿ ಉದುರುತ್ತಿರುತ್ತವೆ, ಆ ನೋಟವೇ ಬೇರೆ. ನಿಮ್ಮ ಮಾವನವರಿಗೆ ತೋಟದ ಕೆಲಸ ಗೊತ್ತಿದ್ದರೆ ಸಾಲುಗಳನ್ನು ನೋಡುತ್ತಾ ನಿಂತುಬಿಡುತ್ತಾರೆ. ಇಡೀ ಕಣಿವೆ ಉದ್ದಕ್ಕೆ 30 ಮೈಲಿ ಅಷ್ಟೇ, ಅವಸರ ಬೇಡ.

ವೈನರಿ ಒಳಗೆ ನೋಡಬೇಕಿದ್ದರೆ ಬುಧವಾರ ಅಥವಾ ಶುಕ್ರವಾರ ಇಟ್ಟುಕೊಳ್ಳಿ. ಹೆಚ್ಚಿನ ಕಡೆ ಮೊದಲೇ ಸಮಯ ಗೊತ್ತುಮಾಡಬೇಕು. ಟೇಸ್ಟಿಂಗ್, ಅಂದರೆ ವೈನುಗಳ ರುಚಿ ನೋಡುವುದು, ಈಗ ದುಬಾರಿ, ತಲೆಗೆ 50 ಡಾಲರ್ ಅಥವಾ ಇನ್ನೂ ಮೇಲೆ. ಕುಡಿಯದವರಿಗೂ ದುಡ್ಡು ಇದೆಯಾ, ಮಕ್ಕಳನ್ನು ಬಿಡುತ್ತಾರಾ ಅಂತ ಕೇಳಿಯೇ ಹೋಗಿ. ಬುಧವಾರವೇ ಹಾಲು ಮೊಸರು ಹಣ್ಣು ತಂದು ರೂಮಿನಲ್ಲಿಟ್ಟುಕೊಳ್ಳಿ. ಗುರುವಾರ ಕಾಸ್ಟ್ಕೊ, ಟಾರ್ಗೆಟ್, ವಾಲ್‌ಮಾರ್ಟ್ ಎಲ್ಲ ಪೂರ್ತಿ ಬಂದ್.

ಇನ್ನೊಂದು ಮಾತು, ಇದು ನನ್ನ ಇಷ್ಟದ್ದು. ವಾಪಸ್ ಬಂದ ಮೇಲೆ ಯಾವುದಾದರೂ ಒಂದು ದಿನ ಲಿವರ್ಮೋರ್‌ಗೆ ಹೋಗಿ ಬನ್ನಿ. ನಿಮ್ಮಿಂದ ಅರ್ಧ ಗಂಟೆಯ ದಾರಿ. ಶಿವ ವಿಷ್ಣು ದೇವಸ್ಥಾನಕ್ಕೆ ಹೋಗುವ ನಮ್ಮವರಲ್ಲಿ ಬಹಳ ಜನ ದರ್ಶನ ಮುಗಿಸಿ ಸೀದಾ ಮನೆಗೆ ಬಂದುಬಿಡುತ್ತಾರೆ. ಆದರೆ ಅದೇ ಊರಿನ ಅಂಚಿನಲ್ಲಿ ನಾಪಾದಷ್ಟೇ ಹಳೆಯ ಹೆಸರಿನ ದ್ರಾಕ್ಷಿ ತೋಟಗಳಿವೆ. ವೆಂಟಿ ಮತ್ತು ಕಾನ್ಕ್ಯಾನನ್ ಅನ್ನುವ ವೈನರಿಗಳು ಎರಡೂ ಶುರುವಾಗಿದ್ದು 1883ರಲ್ಲಿ. ಬೆಳಿಗ್ಗೆ ದೇವಸ್ಥಾನ, ಆಮೇಲೆ ತೋಟದ ಬದಿಯಲ್ಲಿ ಒಂದು ಸುತ್ತು. ಅತ್ತೆ ಮಾವನಿಗೆ ನಾಪಾಗಿಂತ ಇದೇ ಹಿಡಿಸಿದರೆ ನನಗೇನೂ ಆಶ್ಚರ್ಯ ಆಗುವುದಿಲ್ಲ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು, ಸ್ಯಾಕ್ರಮೆಂಟೊದಲ್ಲಿ ಕೆಲಸ. ಎಲ್ಲ ತಿನ್ನುತ್ತೇವೆ, ವೈನೂ ಕುಡಿಯುತ್ತೇವೆ, ಆದರೆ ನಾಪಾ ರೇಟು ನೋಡಿ ತಲೆ ತಿರುಗಿತು. ಟರ್ಕಿ ಊಟಕ್ಕೆ ಯಾವ ವೈನ್ ಹೊಂದುತ್ತದೆ? ಕಡಿಮೆ ಖರ್ಚಿನಲ್ಲಿ ಎಲ್ಲಿ ಹೋಗಬಹುದು?

ಉತ್ತರ: ನಿಮಗೆ ನಾಪಾ ಯಾಕೆ? ದಕ್ಷಿಣಕ್ಕೆ ಲೋಡೈ, ಪೂರ್ವಕ್ಕೆ ಅಮಡೋರ್ ಕೌಂಟಿ, ಎರಡೂ ನಿಮಗೆ ಸುಮಾರು ಒಂದು ಗಂಟೆಯ ಒಳಗೆ. ಎರಡೂ ಕಡೆ ಜಿನ್‌ಫಂಡೆಲ್ ದ್ರಾಕ್ಷಿಯ ತುಂಬ ಹಳೆಯ ಬಳ್ಳಿಗಳಿವೆ, ಟೇಸ್ಟಿಂಗ್ ಖರ್ಚೂ ನಾಪಾಗೆ ಹೋಲಿಸಿದರೆ ಬಹಳ ಕಡಿಮೆ. ಅಲ್ಲೂ ಗುರುವಾರ ಬಿಟ್ಟು ಶುಕ್ರವಾರ ಹೋಗಿ.

ಟರ್ಕಿ ಸಪ್ಪೆ ಮಾಂಸ, ಸ್ವಲ್ಪ ಒಣಕಲು. ಅದರ ಜೊತೆ ನಾಪಾದ ಕ್ಯಾಬರ್ನೆ ಅನ್ನುವ ಕೆಂಪು ವೈನ್ ಭಾರವಾಗುತ್ತದೆ ಅಂತ ನನ್ನ ಅನಿಸಿಕೆ. ನಾಪಾಗೆ ಹೆಸರು ತಂದದ್ದು ಅದೇ ನಿಜ. 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್‌ನ ಕ್ಯಾಬರ್ನೆ, ಬಿಳಿಯಲ್ಲಿ ಶಾಟೊ ಮಾಂಟೆಲೀನಾದ ಶಾರ್ಡನೆ ಫ್ರಾನ್ಸಿನ ವೈನುಗಳನ್ನೇ ಹಿಂದೆ ಹಾಕಿದವು, ಎರಡೂ 1973ರ ಬೆಳೆಯವು. ಆದರೆ ಈ ಊಟಕ್ಕೆ ಹಗುರವಾದ ಪಿನೊ ನ್ವಾರ್ ಅಥವಾ ನಿಮ್ಮ ಲೋಡೈ ಜಿನ್‌ಫಂಡೆಲ್ ತೆಗೆದುಕೊಳ್ಳಿ, ಕ್ರ್ಯಾನ್‌ಬೆರಿಯ ಹುಳಿಗೂ ಗೆಣಸಿನ ಸಿಹಿಗೂ ಸರಿ ಹೊಂದುತ್ತದೆ. ಎಷ್ಟೋ ರೆಸ್ಟೋರೆಂಟುಗಳಲ್ಲಿ ನಿಮ್ಮದೇ ಬಾಟಲಿ ಒಯ್ಯಬಹುದು, ತೆರೆದು ಕೊಡುವುದಕ್ಕೆ ಕಾರ್ಕೇಜ್ ಅಂತ ಒಂದಿಷ್ಟು ತೆಗೆದುಕೊಳ್ಳುತ್ತಾರೆ. ಮೊದಲೇ ಕೇಳಿಕೊಳ್ಳಿ. ಉಳಿದ ಬಾಟಲಿಯನ್ನು ವಾಪಸ್ ತರುವಾಗ ಡಿಕ್ಕಿಯಲ್ಲೇ ಇಡಿ. ತೆರೆದ ಬಾಟಲಿ ಸೀಟಿನ ಹತ್ತಿರ ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ ಅದೇ ತಪ್ಪು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಾಲ್ವರಲ್ಲಿ ಒಬ್ಬರು ಒಂದು ತೊಟ್ಟೂ ಕುಡಿಯದೆ ಕಾರು ಓಡಿಸಿ, ಇಲ್ಲವೇ ಡ್ರೈವರ್ ಇರುವ ಗಾಡಿ ಮಾಡಿಕೊಳ್ಳಿ. ರಕ್ತದಲ್ಲಿ ಆಲ್ಕೋಹಾಲ್ ಶೇ. 0.08 ಮುಟ್ಟಿದರೆ ಕಾನೂನು ಪ್ರಕಾರ ಅಪರಾಧ, ಅದಕ್ಕಿಂತ ಕಡಿಮೆ ಇದ್ದರೂ ಓಡಿಸುವ ರೀತಿ ನೋಡಿ ಹಿಡಿಯಬಹುದು. ನೀವು ವೀಸಾದಲ್ಲಿ ಇದ್ದರೆ ಇನ್ನೂ ಕಷ್ಟ. ಕುಡಿದು ಓಡಿಸಿ ಬರೀ ಅರೆಸ್ಟ್ ಆದರೂ, ಕೋರ್ಟಿನ ತೀರ್ಪು ಬರುವ ಮುಂಚೆಯೇ ವೀಸಾ ರದ್ದು ಮಾಡಬಹುದು. ಊರಿಗೆ ಹೋದವರು ಹೊಸ ವೀಸಾ ಸಿಗದೆ ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕಾಗುತ್ತದೆ. ಟೇಸ್ಟಿಂಗ್‌ನಲ್ಲಿ ಪ್ರತಿ ಲೋಟವೂ ಎರಡು ಗುಟುಕು ಅಷ್ಟೇ ಅನ್ನಿಸುತ್ತದೆ. ಮೂರು ವೈನರಿ ಸುತ್ತುವ ಹೊತ್ತಿಗೆ ಅವು ಸೇರಿ ಎಷ್ಟಾಯಿತು ಅಂತ ಲೆಕ್ಕ ಇರುವುದಿಲ್ಲ. ಉಗುಳುವುದಕ್ಕೆ ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 66. ನವೆಂಬರ್‌ನಲ್ಲಿ ಮಗನ ಮನೆಗೆ ಹೋಗುತ್ತಿದ್ದೇವೆ. ಅವರ ಹಬ್ಬಕ್ಕೆ ಸೊನೋಮ ಅನ್ನುವ ಊರಿಗೆ ಹೋಗಿ ಹೋಟೆಲಿನಲ್ಲಿ ಊಟ ಮಾಡೋಣ ಅಂತಾನೆ. ಅದು ವೈನ್ ಮಾಡುವ ಜಾಗವಂತೆ. ನನಗೆ ಹಾಗೆ ಎಲ್ಲರೂ ಕುಡಿಯುವ ಕಡೆ ಕೂತು ಅಭ್ಯಾಸ ಇಲ್ಲ. ಬರುವುದಿಲ್ಲ ಅಂದರೆ ಮಗನಿಗೆ ಬೇಜಾರು. ಅದು ಎಂಥ ಹಬ್ಬ? ಸೀರೆ ಉಟ್ಟುಕೊಂಡು ಹೋಗಬಹುದಾ?

ಉತ್ತರ: ಅಮ್ಮಾ, ಖಂಡಿತ ಹೋಗಿ. ಅದು ಮೂಲದಲ್ಲಿ ಸುಗ್ಗಿಯ ಹಬ್ಬ. ಬೆಳೆ ಕೈಗೆ ಬಂತಲ್ಲ ಅಂತ ದೇವರಿಗೆ ಕೃತಜ್ಞತೆ ಹೇಳಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು. ಸರಿಸುಮಾರು ಅದೇ ಹೊತ್ತಿಗೆ ನಮ್ಮ ಕೊಡಗಿನಲ್ಲಿ ಹುತ್ತರಿಗೆ ಕದಿರು ತರುತ್ತಾರಲ್ಲ, ಹಾಗೆ. 1621ರಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದವರು ವಾಂಪನೋಗ್ ಎಂಬ ಮೂಲನಿವಾಸಿಗಳ ಜೊತೆ ಉಂಡ ಊಟದಿಂದ ಇದು ಬಂತು ಅಂತ ಹೇಳುತ್ತಾರೆ. 1863ರಲ್ಲಿ ಲಿಂಕನ್ ಅದನ್ನು ಇಡೀ ದೇಶದ ಹಬ್ಬ ಮಾಡಿದರು. ಆಮೇಲೆ ನೆಲ ಕಳೆದುಕೊಂಡ ಆ ಮೂಲನಿವಾಸಿಗಳಲ್ಲಿ ಅನೇಕರು ಈ ದಿನವನ್ನು ದುಃಖದ ದಿನ ಅಂತ ಆಚರಿಸುತ್ತಾರೆ, ಅದೂ ನಿಮಗೆ ಗೊತ್ತಿರಲಿ. ಪೂಜೆ ಅಂತ ಏನೂ ಇಲ್ಲ, ಹೊಸ ಬಟ್ಟೆಯ ಪದ್ಧತಿಯೂ ಇಲ್ಲ. ದೂರದಲ್ಲಿರುವ ಮಕ್ಕಳು ಅವತ್ತು ಅಪ್ಪ ಅಮ್ಮನ ಹತ್ತಿರ ಬರುತ್ತಾರೆ. ನಿಮ್ಮ ಮಗನಿಗೆ ಇಷ್ಟು ವರ್ಷ ಎಲ್ಲರೂ ಮನೆಗೆ ಹೋಗುವುದನ್ನು ನೋಡಿ ನೋಡಿ, ಈ ಸಲ ನೀವೇ ಪಕ್ಕದಲ್ಲಿ ಇರಬೇಕು ಅನ್ನಿಸಿರಬೇಕು.

ವೈನಿನ ಬಗ್ಗೆ ಯೋಚನೆ ಬೇಡ. ಮೇಜಿನ ಮೇಲೆ ಎಲ್ಲರ ಮುಂದೆಯೂ ಗಾಜಿನ ಲೋಟ ಇಟ್ಟಿರುತ್ತಾರೆ, ಅದು ವಾಡಿಕೆ. ಬೇಡ ಅಂದರೆ ಬಡಿಸುವವರು ನಿಮ್ಮ ಮುಂದಿನದನ್ನು ತೆಗೆದುಕೊಂಡು ಹೋಗುತ್ತಾರೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಬಾರ್ ಅಂದರೆ ಬರುವ ಗಲಾಟೆ, ವಾಸನೆ ಅಲ್ಲಿ ಇರುವುದಿಲ್ಲ. ಪಕ್ಕದ ಮೇಜಿನಲ್ಲಿ ನಿಮ್ಮ ವಯಸ್ಸಿನ ಅಜ್ಜಿಯರು ಮೊಮ್ಮಕ್ಕಳ ಜೊತೆ ಕೂತಿರುತ್ತಾರೆ. ಸೇಬಿನ ರಸಕ್ಕೆ ಗುಳ್ಳೆ ಬರುವ ಹಾಗೆ ಮಾಡಿದ ಪಾನೀಯ ಒಂದಿದೆ, ಮಾರ್ಟಿನೆಲ್ಲಿ ಅಂತ, ಅದೇ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಮಾಡುವುದು. ಅದರಲ್ಲಿ ಹೆಂಡದ ಅಂಶವೇ ಇಲ್ಲ. ಹಬ್ಬದ ದಿನ ಕುಡಿಯದವರಿಗೂ ಮಕ್ಕಳಿಗೂ ಅದನ್ನೇ ಕೊಡುತ್ತಾರೆ. ಅಂಥದ್ದು ಇದೆಯಾ ಅಂತ ಮಗನಿಗೆ ಕೇಳಲು ಹೇಳಿ, ಎಲ್ಲರೂ ಲೋಟ ಎತ್ತಿದಾಗ ನೀವೂ ಎತ್ತಬಹುದು.

ಸೀರೆಯನ್ನೇ ಉಟ್ಟುಕೊಳ್ಳಿ, ರೇಷ್ಮೆಯದ್ದೇ ಆಗಲಿ. ಒಳಗೆ ಬೆಚ್ಚಗಿರುತ್ತದೆ, ಹೊರಗೆ ಸಂಜೆಯಾದರೆ ಚೆನ್ನಾಗಿ ಚಳಿ, ಅದಕ್ಕೆ ದಪ್ಪ ಸ್ವೆಟರ್, ಕಾಲುಚೀಲ, ಬೂಟು ಇರಲಿ. ಬೆಳಿಗ್ಗೆ ರೂಮಿನಲ್ಲಿ ಎರಡು ತುತ್ತು ಮೊಸರನ್ನ ತಿಂದು ಹೊರಡಿ, ಆಗ ತಟ್ಟೆಯಲ್ಲಿ ಏನು ಬಂದರೂ ನಿರಾಳವಾಗಿ ರುಚಿ ನೋಡಬಹುದು. ಕುಡಿಯುವ ನೀರಿಗೆ ಐಸ್ ಹಾಕಿ ತರುತ್ತಾರೆ, ಬಿಸಿನೀರು ಕೇಳಿದರೆ ಕೊಡುತ್ತಾರೆ. ಸಪ್ಪೆ ಅನ್ನಿಸಿದರೆ ಖಾರದ ಸಾಸ್ ಕೇಳಿ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಬರುವುದು ಅಲ್ಲಿ ಎಲ್ಲರೂ ಮಾಡುವ ಕೆಲಸ, ಸಂಕೋಚ ಬೇಡ. ಮೇಲಿನ ಫ್ರೀಮಾಂಟ್ ಉತ್ತರವನ್ನು ಮಗನಿಗೆ ಈಗಲೇ ವಾಟ್ಸಾಪ್ ಮಾಡಿ, ಸೂಪಿನ ವಿಷಯ ಅವನು ಓದಲೇಬೇಕು.

ಊಟ ಆದ ಮೇಲೆ ಸೊನೋಮದ ನಡುವಿನ ಪ್ಲಾಜಾದಲ್ಲಿ ಒಂದು ಸುತ್ತು ನಡೆಯಿರಿ. ದೊಡ್ಡ ಮರಗಳಿರುವ ಹಳೆಯ ಚೌಕ ಅದು. ಒಂದು ಮೂಲೆಯಲ್ಲಿ 1823ರಲ್ಲಿ ಶುರುವಾದ ಮಿಷನ್, ಅಂದರೆ ಕ್ರೈಸ್ತ ಪಾದ್ರಿಗಳ ನೆಲೆ, ಇದೆ, ಸ್ಪೇನಿನ ಪಾದ್ರಿಗಳು ಕ್ಯಾಲಿಫೋರ್ನಿಯಾದಲ್ಲಿ ಕಟ್ಟುತ್ತಾ ಬಂದ 21 ಮಿಷನ್‌ಗಳಲ್ಲಿ ಕೊನೆಯದು. ಹಬ್ಬದ ದಿನ ಒಳಗೆ ಬಿಡದಿದ್ದರೂ ಬಿಳಿ ಗೋಡೆಯ ಆ ಕಟ್ಟಡ ಹೊರಗಿನಿಂದಲೇ ಚೆಂದ. ನಾಲ್ಕು ಗಂಟೆಯ ಬಿಸಿಲಿನಲ್ಲಿ ಅಲ್ಲಿ ಬೆಂಚಿನ ಮೇಲೆ ಕೂರಬಹುದು. ಹೋಗಿ ಬಂದ ಮೇಲೆ ಏನು ಬಡಿಸಿದರು, ಯಾವುದು ಹಿಡಿಸಿತು ಅಂತ ನನಗೆ ಬರೆಯಿರಿ.